ನೀಲಿ ಗೆರೆಯ ವಿಳಾಸ

“ಉತ್ತರ ಬರೀಲಿಕ್ಕೆ ದಾರಿ ಇಲ್ಲದ್ದು ಕಾಗದ ಅಲ್ಲ ಮಾರಾಯ್ರೆ, ಅದು ನೋಟೀಸು.”

ನಮ್ಮ ಪ್ರೆಸ್ಸಿಗೆ ಬಂದು ಸೇರಿದ ಹೊಸತರಲ್ಲಿ ಅವರು ನನಗೆ ಹೇಳಿದ ಮಾತು ಇದು. ಮೂಡುಬಿದಿರೆಯಲ್ಲಿ ಅಪ್ಪನ ಕಾಲದಿಂದ ಮದುವೆ ಕಾಗದ ಅಚ್ಚು ಹಾಕುತ್ತ ಬಂದವನು ನಾನು. ಕಾಗದ ಎಂದರೇನು ಎಂದು ನನಗೇ ಪಾಠ ಹೇಳುವವರೊಬ್ಬರು ನನ್ನದೇ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಬಂದು ಕೂತದ್ದು ನನಗೆ ಅಷ್ಟೇನೂ ಹಿಡಿಸಿರಲಿಲ್ಲ. ಈಗ ಆ ಕೋಣೆಯಲ್ಲಿ ಯಾರೂ ಇಲ್ಲ. ಪಾಠ ಹೇಳುವವರಿಲ್ಲದೆ ನನಗೆ ಹೊತ್ತು ಹೋಗುವುದಿಲ್ಲ ಎಂಬುದು ಈಗೀಗ ಗೊತ್ತಾಗುತ್ತಿದೆ.

ಅವರ ಹೆಸರು ಇಲ್ಲಿ ಬೇಡ. ಹೆಸರು ಹಿಡಿದು ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ನಾವೆಲ್ಲ ಟೀಚರ್ ಎಂದೇ ಕರೆಯುತ್ತಿದ್ದೆವು. ಬಂಟ್ವಾಳದ ಒಂದು ಕಂಪ್ಯೂಟರ್ ತರಗತಿಯಲ್ಲಿ ಬಹಳ ವರ್ಷ ಕಲಿಸಿದ ಹೆಂಗಸು ಅವರು. ಎಲ್ಲರ ಕೈಗೂ ಫೋನು ಬಂದ ಮೇಲೆ ಕಲಿಯುವವರು ಕಡಿಮೆಯಾಗಿ ಆ ತರಗತಿ ಮುಚ್ಚಿತು. ಮದುವೆಯಾಗಿರಲಿಲ್ಲ. ಶಿರ್ತಾಡಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಅಲ್ಲಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಬೇಸಗೆಯಲ್ಲೂ ಕೈಯಲ್ಲೊಂದು ಕೊಡೆ, ಚೀಲದಲ್ಲೊಂದು ಸಣ್ಣ ಬುತ್ತಿ. ಕಲಿಸಿ ಕಲಿಸಿ ಅಭ್ಯಾಸವಾದ ನಿಧಾನದ ಕನ್ನಡ ಅವರದು. ಸಿಟ್ಟು ಬಂದರೆ ಮಾತ್ರ ತುಳು.

ಮಧ್ಯಾಹ್ನ ನಾವೆಲ್ಲ ಮುಂದಿನ ಕೋಣೆಯಲ್ಲಿ ಸುತ್ತ ಕೂತು ಪದಾರ್ಥ ಹಂಚಿಕೊಂಡು ಉಣ್ಣುವಾಗ ಅವರು ಒಳಗೇ ಕಂಪ್ಯೂಟರಿನ ಎದುರು ಉಣ್ಣುತ್ತಿದ್ದರು. ಕರೆದರೆ, “ನೀವು ಶುರು ಮಾಡಿ, ನಾನು ಬರ್ತೇನೆ” ಎನ್ನುತ್ತಿದ್ದರು. ಬರುತ್ತಿರಲಿಲ್ಲ. ಕರೆಯುವವರಿಗೆ ಬೇಸರ ಬಂದು ಒಂದು ದಿನ ಸುಮ್ಮನಿದ್ದರೆ, ಬುತ್ತಿ ಬಿಚ್ಚುವ ಮೊದಲು ಬಾಗಿಲಿನತ್ತ ಒಮ್ಮೆ ನೋಡುತ್ತಿದ್ದರು. ಅದನ್ನು ಕಂಡ ಮೇಲೆ ನಾನು ಕರೆಯುವುದನ್ನು ಬಿಡಲಿಲ್ಲ.

ಅವರ ಕೆಲಸ ಏನೆಂದು ಹೇಳಬೇಕಾದರೆ ಮೊದಲು ನಮ್ಮ ಊರಿನ ಹೇಳಿಕೆಯ ವಿಷಯ ಹೇಳಬೇಕು. ಮದುವೆಗೆ ಕರೆಯುವುದಕ್ಕೆ ನಮ್ಮಲ್ಲಿ ಹೇಳಿಕೆ ಎನ್ನುತ್ತೇವೆ. ಮನೆಗೆ ಬಂದು, ಜಗಲಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, ಕಾಗದ ಕೈಯಲ್ಲಿಟ್ಟು, “ಮನೆಯವರೆಲ್ಲ ಬರಬೇಕು” ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಹೇಳಿಕೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಹೇಳಿದ್ದು, ಇನ್ನೊಬ್ಬರ ಬಾಯಲ್ಲಿ ಹೇಳಿ ಕಳುಹಿಸಿದ್ದು ಲೆಕ್ಕಕ್ಕಿಲ್ಲ. ಹೇಳಿಕೆ ಸರಿಯಾಗಲಿಲ್ಲ ಎಂದು ಒಡಹುಟ್ಟಿದವರ ಮನೆಯ ಮದುವೆಗೂ ಹೋಗದೆ, ಆ ದಿನ ಮನೆಯಲ್ಲೇ ಗಂಜಿ ಉಂಡು ಕೂತವರನ್ನು ನಾನು ನೋಡಿದ್ದೇನೆ.

ಊರಿನವರಿಗೆ ಹೀಗೆ. ದುಬೈಯಲ್ಲಿರುವ ನೆಂಟರ ಜಗಲಿಗೆ ಹೋಗಿ ನೀರು ಕುಡಿಯಲು ಆಗುತ್ತದೆಯೇ? ಮೊದಲೆಲ್ಲ ಅವರ ಕಾಗದವನ್ನು ಅಂಚೆಗೆ ಹಾಕುತ್ತಿದ್ದರು. ಈಗ ಅದರ ಫೋಟೋ ತೆಗೆದು ಫೋನಿನ ಗುಂಪುಗಳಿಗೆ ಬಿಡುತ್ತಾರೆ. ಗುಡ್ ಮಾರ್ನಿಂಗಿನ ಹೂವುಗಳ ನಡುವೆ ಅದೂ ಒಂದು. ಟೀಚರಿಗೆ ಅದು ಸರಿಬರಲಿಲ್ಲ. “ಗುಂಪಿಗೆ ಹೇಳಿದ್ದು ಯಾರಿಗೂ ಹೇಳಿದ ಹಾಗಲ್ಲ” ಎಂದು ಹೇಳಿ ಅವರು ಕಂಪ್ಯೂಟರು ತಾನಾಗಿ ಮೇಲ್ ಕಳುಹಿಸುವಂಥ ಒಂದು ಸ್ಕ್ರಿಪ್ಟು ಬರೆದರು. ಮದುವೆ ಮನೆಯವರು ನಮ್ಮ ವೆಬ್‌ಸೈಟಿನಲ್ಲಿ ನೆಂಟರ ಹೆಸರು, ಇಮೇಲು ತುಂಬಿದರೆ ಸಾಕು. ಒಬ್ಬೊಬ್ಬರಿಗೂ ಅವರವರ ಹೆಸರು ಹಿಡಿದು ಬೇರೆ ಬೇರೆ ಮೇಲ್ ಹೋಗುತ್ತದೆ. ಕೊನೆಯಲ್ಲಿ ಮನೆಯವರ ಇಮೇಲ್ ವಿಳಾಸ, ನೀಲಿ ಅಕ್ಷರದಲ್ಲಿ, ಅಡಿಯಲ್ಲಿ ಗೆರೆ ಎಳೆದು. ಅದನ್ನು ಒತ್ತಿದರೆ ಉತ್ತರದ ಹಾಳೆ ತಾನೇ ತೆರೆಯಬೇಕು, ವಿಳಾಸ ತಾನೇ ತುಂಬಿರಬೇಕು. ಉಳಿದ ಕೆಲಸವೆಲ್ಲ ಒಂದು ತೂಕ, ಈ ನೀಲಿ ಗೆರೆಯೇ ಒಂದು ತೂಕ ಅವರಿಗೆ.

ಮೊದಲ ಸಲ ಕಳುಹಿಸಿದಾಗ ಎಡವಟ್ಟಾಯಿತು. ಬಹರೈನಿನಲ್ಲಿರುವ ನನ್ನ ಭಾವ ಫೋನು ಮಾಡಿ, “ಎಂತ ಭಾವ ಇದು? ಮದುವೆ ಕಾಗದದ ಅಡಿಯಲ್ಲಿ ಬಾಣದ ಮೊನೆಗಳು, ಇಂಗ್ಲಿಷಿನ ತುಂಡುಗಳು! ಮದುವೆಗೆ ಕರೆದದ್ದಾ, ಯುದ್ಧಕ್ಕಾ?” ಎಂದ. ವಿಳಾಸವನ್ನು ಒತ್ತುವ ಹಾಗೆ ಮಾಡಲು ಅದರ ಸುತ್ತ ಬರೆದಿದ್ದ ಗುರುತುಗಳೆಲ್ಲ ಇದ್ದ ಹಾಗೇ ಅವನ ಪರದೆಯ ಮೇಲೆ ಬಂದಿದ್ದವು. ಇದನ್ನು ಬರಿಯ ಅಕ್ಷರವೆಂದು ತಿಳಿಯಬೇಡ, ವೆಬ್ ಪುಟದ ಹಾಗೆ ಬಿಡಿಸಿ ತೋರಿಸು ಎಂದು ಮೇಲ್‌ನ ತಲೆಯಲ್ಲಿ ಒಂದು ಸಾಲು ಇರಬೇಕಂತೆ. ಆ ಸಾಲು ಬಿಟ್ಟುಹೋಗಿತ್ತು. ಟೀಚರ್ ಅವತ್ತು ತಮಗೆ ತಾವೇ ತುಳುವಿನಲ್ಲಿ ಬೈದುಕೊಂಡರು. ಸರಿಮಾಡಿ, ಭಾವನಿಗೇ ಇನ್ನೊಮ್ಮೆ ಕಳುಹಿಸಿ, ಅವನು ಒತ್ತಿ ಉತ್ತರ ಬರೆಯುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಇನ್ನೊಂದು ಜಗಳ ಚುಕ್ಕೆಯದ್ದು. ವಾಕ್ಯ ಮುಗಿದಲ್ಲಿ ಚುಕ್ಕೆ ಇಲ್ಲದಿದ್ದರೆ ನನ್ನಂಥ ಅಚ್ಚಿನವನಿಗೆ ಕಣ್ಣಿಗೆ ಕಸ ಬಿದ್ದ ಹಾಗೆ. ವಿಳಾಸದ ಕೊನೆಗೆ ನಾನು ಚುಕ್ಕೆ ಹಾಕುವುದು, ಅವರು ತೆಗೆಯುವುದು. ಕೆಲವು ಹಳೆಯ ಫೋನುಗಳು ಚುಕ್ಕೆಯನ್ನೂ ವಿಳಾಸಕ್ಕೆ ಸೇರಿಸಿಕೊಂಡು, ಬರೆದ ಉತ್ತರ ಎಲ್ಲಿಗೂ ತಲುಪದೆ ವಾಪಸು ಹೋಗುತ್ತದಂತೆ. “ನಿಮ್ಮ ಒಂದು ಚುಕ್ಕೆಗೆ ಒಬ್ಬರ ಮಾತು ದಾರಿಯಲ್ಲಿ ಬಿದ್ದುಹೋಗ್ಬೇಕಾ?” ಎಂದು ಜೋರು ಮಾಡಿದರು. ಕೊನೆಗೆ ವಿಳಾಸವನ್ನೇ ಬೇರೆ ಸಾಲಿನಲ್ಲಿ, ಹಿಂದೆ ಮುಂದೆ ಏನೂ ಇಲ್ಲದೆ, ಒಂಟಿಯಾಗಿ ನಿಲ್ಲಿಸಿದರು. ಅಲ್ಲಿಗೆ ನಮ್ಮ ರಾಜಿಯಾಯಿತು.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಮೆಚ್ಚುಗೆಯಾದ ಕೆಲಸ. ವಯಸ್ಸಾದವರು ನೀಲಿ ಗೆರೆ ಒತ್ತುತ್ತಾರೆ, ಹಾಳೆ ತೆರೆಯುತ್ತದೆ, ಏನು ಬರೆಯುವುದೆಂದು ತಿಳಿಯದೆ ಮುಚ್ಚಿಬಿಡುತ್ತಾರೆ. ಅಂಥವರಿಗಾಗಿ ಉತ್ತರದ ಮೇಲ್ಸಾಲಿನಲ್ಲಿ ‘ಬರುತ್ತೇವೆ’ ಎಂಬ ಒಂದು ಮಾತನ್ನು ಅವರೇ ತುಂಬಿಸಿಟ್ಟರು. ಕಳುಹಿಸು ಎಂದು ಒತ್ತಿದರಾಯಿತು.

“ಬಾರದವರು ಎಂತ ಮಾಡುವುದು ಟೀಚರ್?” ಎಂದು ಕೇಳಿದೆ.

“ಬಾರದವರು ಅದನ್ನು ಅಳಿಸಿ ಬೇರೆ ಬರೀಲಿ. ಬಾರದಿರ್ಲಿಕ್ಕೆ ಅಷ್ಟಾದ್ರೂ ಕಷ್ಟ ಬೇಡ್ವಾ?”

ಮನೆಯವರಿಗೆ ಇಮೇಲ್ ಇಲ್ಲದಿದ್ದರೆ ಉತ್ತರಗಳು ನಮ್ಮ ಪ್ರೆಸ್ಸಿನ ಒಂದು ವಿಳಾಸಕ್ಕೆ ಬರುವ ಹಾಗೆ ಏರ್ಪಾಡು ಮಾಡಿದ್ದರು. ಅದನ್ನು ನೋಡಿಕೊಳ್ಳುವವರು ಅವರೇ. ಕಾಗದ ಹೋಗುವುದು ಮದುವೆ ಮನೆಯವರ ಹೆಸರಲ್ಲೇ; ಬಂದ ಉತ್ತರಕ್ಕೆ ಅಲ್ಲಿಂದ ಏನಾದರೂ ಮರುಮಾತು ಬರೆದರೆ ಅದಕ್ಕೆ ಮಾತ್ರ ಅವರ ಹೆಸರು. ಪ್ರೆಸ್ಸಿನ ಹೆಸರು ಕಂಡರೆ ಜನ ಜಾಹೀರಾತೆಂದು ತೆರೆಯದೆ ಬಿಡುತ್ತಾರೆ ಎಂಬುದು ಅವರ ವಾದ. ಬಂದ ಉತ್ತರಗಳನ್ನು ಪ್ರಿಂಟ್ ತೆಗೆದು, ಲಕೋಟೆಯಲ್ಲಿ ಹಾಕಿ ಮನೆಯವರಿಗೆ ಕೊಡುತ್ತಿದ್ದರು. ಯಾರ ಮದುವೆಯೋ, ಯಾರ ನೆಂಟರೋ. “ಬರ್ತೇವೆ, ಖಂಡಿತ ಬರ್ತೇವೆ” ಎಂಬ ಮಾತುಗಳೆಲ್ಲ ಮೊದಲು ಅವರ ಕಣ್ಣೆದುರು ಹಾದು ಹೋಗುತ್ತಿದ್ದವು.

ಸಂಜೆ ಕಂಪ್ಯೂಟರು ಮುಚ್ಚುವ ಮೊದಲು ಅವರದ್ದೊಂದು ಕ್ರಮವಿತ್ತು. ಸ್ಕ್ರಿಪ್ಟು ಸರಿ ಇದೆಯೇ ಎಂದು ನೋಡಲು ತಮಗೆ ತಾವೇ ಒಂದು ಮೇಲ್ ಕಳುಹಿಸುತ್ತಿದ್ದರು: ಮುಟ್ಟಿತೇ? ಅದು ಬಂದು ಬಿದ್ದ ಮೇಲೆ ನೀಲಿ ಗೆರೆ ಒತ್ತಿ ಉತ್ತರ ಬರೆಯುತ್ತಿದ್ದರು: ಮುಟ್ಟಿತು. ಆ ಉತ್ತರವೂ ಬಂದು ಬಿದ್ದ ಮೇಲೆಯೇ ಕೊಡೆ ತೆಗೆದುಕೊಂಡು ಏಳುವುದು.

“ನಿಮಗೆ ನೀವೇ ಕಾಗದ ಬರೀತೀರಲ್ಲ ಟೀಚರ್” ಎಂದು ನಾನು ಒಮ್ಮೆ ತಮಾಷೆ ಮಾಡಿದೆ.

“ಯಾರಾದ್ರೂ ಬರೀಬೇಕಲ್ಲ ಮಾರಾಯ್ರೆ” ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಬಾಗಿಲು ಹಾಕುವಾಗ ಯಾಕೋ ಮನಸ್ಸು ಸರಿಯಿರಲಿಲ್ಲ.

ಅವರಿಗೊಬ್ಬ ತಮ್ಮ ಇರುವುದು ನನಗೆ ತಡವಾಗಿ ಗೊತ್ತಾಯಿತು. ಒಂದು ಮಳೆಯ ಸಂಜೆ ಬಸ್ಸು ತಡವಾಗಿ, ಚಾ ಕುಡಿಯುತ್ತ ಕೂತಾಗ ಅವರೇ ಹೇಳಿದರು. ತಮ್ಮ ಕಕ್ಕಿಂಜೆಯಲ್ಲಿ, ಘಾಟಿಯ ಬುಡದಲ್ಲಿ, ತಾಯಿಮನೆಯಲ್ಲೇ ಇದ್ದ. ತಾಯಿ ಕಾಯಿಲೆಯಾಗಿ ಆಸ್ಪತ್ರೆ ಸೇರಿದಾಗ ಅವನಿಗೆ ಮನೆಗೆ ಕರೆದುಕೊಂಡು ಹೋಗಬೇಕೆಂದಿತ್ತು, ಇವರಿಗೆ ಆಪರೇಷನ್ ಮಾಡಿಸಬೇಕೆಂದಿತ್ತು. ಹಿರಿಯ ಮಗಳೆಂದು ಇವರೇ ಒಪ್ಪಿಗೆ ಕೊಟ್ಟರು. ಆಪರೇಷನ್ನಿಗೆ ಒಳಗೆ ಹೋದ ತಾಯಿ ಮತ್ತೆ ಕಣ್ಣು ಬಿಡಲಿಲ್ಲ.

“ಮನೆಯಲ್ಲಿ ಸಾಯ್ಬೇಕು ಅಂತ ಅಮ್ಮ ಹೇಳಿದ್ದು ಅವನ ಹತ್ರ. ನನ್ನ ಹತ್ರ ಹೇಳ್ಲಿಲ್ಲ” ಎಂದರು. “ಬೊಜ್ಜ ಕಳೆದ ಮೇಲೆ ಅವನು ನನ್ನಲ್ಲಿ ಮಾತಾಡ್ಲಿಲ್ಲ. ನಾನೂ ಹೋಗ್ಲಿಲ್ಲ. ಅವನು ಒಮ್ಮೆ ಬಾಯಿಬಿಟ್ಟು ಅಕ್ಕ ಬಾ ಅಂದ್ರೆ ಹೋಗ್ತೇನೆ. ಕರೀದೆ ಹೋಗ್ಲಿಕ್ಕೆ ಅದು ನನ್ನ ಮನೆ ಅಂತ ಈಗ ಅನಿಸುವುದಿಲ್ಲ.”

ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ. ಅಂದಿನಿಂದ ಅವರು ಕಾಯುತ್ತಿದ್ದದ್ದು ಆ ಒಂದು ಕರೆಗೆ. ಬೇರೇನನ್ನೂ ಅವರು ಯಾರಿಂದಲೂ ಬಯಸಿದ್ದನ್ನು ನಾನು ಕಾಣೆ.

ಹೋದ ವರ್ಷ ಆ ತಮ್ಮನ ಮಗಳ ಮದುವೆ ನಿಶ್ಚಯವಾಯಿತು. ಹುಡುಗನ ಕಡೆಯವರು ತೋಡಾರಿನವರು, ನಮ್ಮ ಹಳೆಯ ಗಿರಾಕಿಗಳು. ಎರಡೂ ಮನೆಯ ಕಾಗದ ಒಂದೇ ಕಡೆ ಆಗಲಿ ಎಂದು ಅವರು ಹುಡುಗಿಯ ತಂದೆಯನ್ನೂ ನಮ್ಮ ಪ್ರೆಸ್ಸಿಗೇ ಕರೆತಂದರು. ಅಕ್ಕ ಇಲ್ಲಿದ್ದಾರೆಂದು ಆತನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಈಗಲೂ ತಿಳಿಯದು. ಕೌಂಟರಿನ ಎದುರು ನಿಂತು ಮಾತಾಡುವಾಗ ಆತ ಹಿಂದಿನ ಕೋಣೆಯ ಕಡೆ ಒಮ್ಮೆಯೂ ನೋಡಲಿಲ್ಲ. ಅಷ್ಟು ಬಿಗಿಯಾಗಿ ನೋಡದಿದ್ದದ್ದನ್ನು ಕಂಡರೆ ಗೊತ್ತಿದ್ದಿರಲೇಬೇಕು. ದೂರದ ನೆಂಟರಿಗೆ ಮೇಲ್ ಕಳುಹಿಸುವುದಕ್ಕೂ ಒಪ್ಪಿದರು. ಉತ್ತರಕ್ಕೆ ಇಮೇಲ್ ವಿಳಾಸ ಕೇಳಿದೆ. “ನನ್ನಲ್ಲಿ ಎಲ್ಲಿಯ ಇಮೇಲು? ನಿಮ್ಮದೇ ಹಾಕಿ” ಎಂದರು. ಹಾಗೆ ತಮ್ಮನ ಮನೆಯ ಮದುವೆಯ ಉತ್ತರಗಳೆಲ್ಲ ಅಕ್ಕನ ಕೈಗೆ ಬರುವಂತಾಯಿತು.

ಈ ಕೆಲಸ ಬೇರೆಯವರು ಮಾಡಲಿ ಎಂದು ನಾನು ಹೇಳಿ ನೋಡಿದೆ. “ಯಾಕೆ? ನನ್ನ ಕೆಲಸದಲ್ಲಿ ತಪ್ಪುಂಟಾ?” ಎಂದರು ಟೀಚರ್. ಕಾಗದವನ್ನು ಅವರೇ ಜೋಡಿಸಿದರು. ಮನೆಯವರ ಹೆಸರುಗಳಿರುವ ಕಡೆ ತಮ್ಮದೇ ಹೆಸರಿಲ್ಲದ್ದನ್ನು ನೋಡಿಯೂ ಮುಂದಿನ ಸಾಲಿಗೆ ಹೋದರು. ಮೇಲ್‌ಗಳು ಹೋದವು. ಉತ್ತರಗಳು ಬರತೊಡಗಿದವು: ಬರುತ್ತೇವೆ, ಬರುತ್ತೇವೆ. ಶಾರ್ಜಾದಲ್ಲಿರುವ ಚಿಕ್ಕಮ್ಮ ಒಬ್ಬರು ಮಾತ್ರ ಅದರ ಕೆಳಗೆ ತಮ್ಮನಿಗೆ ನಾಲ್ಕು ಮಾತು ಹೆಚ್ಚಿಗೆ ಬರೆದಿದ್ದರು. ‘ನಿನ್ನ ಅಕ್ಕ ಹೇಗಿದ್ದಾಳೆ? ನಿಮ್ಮೊಳಗೆ ಮಾತಿಲ್ಲ ಎಂದು ಕೇಳಿದೆ. ನಾನು ಬರುವುದು ಮದುಮಗಳನ್ನು ನೋಡಲಿಕ್ಕೆ ಎಷ್ಟೋ ಅವಳನ್ನು ನೋಡಲಿಕ್ಕೂ ಅಷ್ಟೇ. ಅವಳನ್ನು ಕರೆಯದೆ ಇರಬೇಡ.’

ಅವರು ಅದನ್ನು ಓದುವಾಗ ನಾನು ಹಿಂದೆ ನಿಂತಿದ್ದೆ.

“ಇದಕ್ಕೆ ನೀವೇ ಉತ್ತರ ಬರೀಬಹುದಲ್ಲ ಟೀಚರ್?”

“ನನಗೆ ಬರೆದದ್ದಲ್ಲ” ಎಂದರು. ಅದನ್ನೂ ಪ್ರಿಂಟ್ ತೆಗೆದು, ಉಳಿದವುಗಳ ಜೊತೆ ಲಕೋಟೆಗೆ ಹಾಕಿ ಅಂಟಿಸಿದರು. ಆ ದಿನ ಸಂಜೆ ತಮಗೆ ತಾವು ಮೇಲ್ ಬರೆಯುವ ಕ್ರಮ ಮರೆತು ಹಾಗೇ ಎದ್ದು ಹೋದರು.

ಮದುವೆಗೆ ವಾರವಿರುವಾಗ ತಮ್ಮ ಬಂದರು. ಲಕೋಟೆ ಕೊಟ್ಟೆ. ಅಲ್ಲೇ ನಿಂತು ಒಂದೊಂದಾಗಿ ಓದಿದರು. ಚಿಕ್ಕಮ್ಮನದ್ದನ್ನು ಮಡಚಿ ಬೇರೆಯಾಗಿ ಕಿಸೆಗೆ ಹಾಕಿದರು. ಆಮೇಲೆ ನಿಧಾನಕ್ಕೆ ಹಿಂದಿನ ಕೋಣೆಯ ಬಾಗಿಲವರೆಗೆ ಹೋದರು. ಟೀಚರ್ ಪರದೆಯ ಕಡೆ ಮುಖ ಮಾಡಿ ಕೂತಿದ್ದರು, ಬೆನ್ನು ಬಾಗಿಲಿಗೆ. ಬಂದವರು ಯಾರೆಂದು ಅವರಿಗೆ ಗೊತ್ತಾಗದೆ ಇರಲಿಲ್ಲ, ಯಾಕೆಂದರೆ ಕೀಬೋರ್ಡಿನ ಮೇಲೆ ಆಡುತ್ತಿದ್ದ ಕೈ ನಿಂತಿತ್ತು. ಒಂದು ಮಾತು, ದೇವರೇ, ಒಂದೇ ಒಂದು ಮಾತು ಎಂದುಕೊಂಡೆ. ಆತ ಗಂಟಲು ಸರಿಮಾಡಿಕೊಂಡರು. ಹಿಂದೆ ತಿರುಗಿ, ನನ್ನ ಮುಖ ನೋಡಿ, ಗಟ್ಟಿಯಾಗಿ ಹೇಳಿದರು:

“ನಮ್ಮ ಕಡೆಯಿಂದ ಹೇಳಿಕೆ ಉಂಟು ಮಾರಾಯ್ರೆ. ಪ್ರೆಸ್ಸಿನವರೆಲ್ಲ ಬರಬೇಕು. ಎಲ್ಲರೂ. ಯಾರೂ ಬಾರದೆ ಇರ್ಬಾರ್ದು.”

ಹೇಳಿ ಹೊರಟೇ ಹೋದರು.

ನಾನು ಖುಷಿಯಲ್ಲಿ ಒಳಗೆ ಓಡಿದೆ. “ಟೀಚರ್, ಕೇಳಿತಲ್ಲ? ಎಲ್ಲರೂ ಅಂದ್ರು. ನನ್ನ ಸ್ಕೂಟರಲ್ಲೇ ಹೋಗುವ.”

“ಅದು ಪ್ರೆಸ್ಸಿನವರಿಗೆ ಹೇಳಿದ್ದು” ಎಂದರು. ಕೈ ಮತ್ತೆ ಕೀಬೋರ್ಡಿನ ಮೇಲೆ ಓಡತೊಡಗಿತು. “ಅಕ್ಕನಿಗೆ ಯಾರೂ ಹೇಳ್ಲಿಲ್ಲ.”

ಎಷ್ಟು ಹೇಳಿದರೂ ಅಷ್ಟೇ. ಬೆಳ್ತಂಗಡಿಯ ಮದುವೆ ಹಾಲಿಗೆ ನಾನು ಒಬ್ಬನೇ ಹೋದೆ. ಬಾಗಿಲಲ್ಲಿ ನಿಂತಿದ್ದ ತಮ್ಮ ನನ್ನ ಕೈ ಹಿಡಿದರು. ಕಣ್ಣು ನನ್ನ ಹೆಗಲ ಮೇಲಿನಿಂದ ಹಿಂದೆ ಹೋಯಿತು.

“ನೀವು ಒಬ್ರೇ ಬಂದದ್ದಾ?”

“ಹೌದು.”

“ಆಗ್ಲಿ. ಊಟ ಮಾಡಿ ಹೋಗಿ” ಎಂದರು. ಧಾರೆ ಮುಗಿಯುವವರೆಗೂ ಆತ ಆಗಾಗ ಬಾಗಿಲಿನ ಕಡೆ ನೋಡುತ್ತಿದ್ದರು. ಅದನ್ನು ನೋಡಿ ನೋಡಿ ನನಗೆ ಊಟ ಸೇರಲಿಲ್ಲ. ಹೊರಡುವಾಗ ಲಾಡಿನ ಒಂದು ಪೊಟ್ಟಣ ಕೈಗಿಟ್ಟು, “ಪ್ರೆಸ್ಸಿಗೆ” ಎಂದರು. ಆಗಲೂ ‘ಅಕ್ಕನಿಗೆ’ ಎನ್ನಲು ಬಾಯಿ ಬರಲಿಲ್ಲ.

ಮರುದಿನ ಟೀಚರಿಗೆ ಎಲ್ಲ ಹೇಳಿದೆ. ಲಾಡನ್ನು ಅರ್ಧ ತಿಂದು ಅರ್ಧವನ್ನು ಬುತ್ತಿಯ ಮುಚ್ಚಳದಲ್ಲಿ ಇಟ್ಟುಕೊಂಡರು. ಕೈ ಒರೆಸಿಕೊಂಡು ಕೇಳಿದರು: “ಒಬ್ರೇ ಬಂದದ್ದಾ ಅಂತ ಕೇಳಿದ್ನಾ?”

“ಕೇಳಿದ್ರು.”

“ಹೇಗೆ ಕೇಳಿದ? ಸುಮ್ಮನೆ ಕೇಳಿದ್ದಾ, ಇಲ್ಲ ಬಾಗಿಲು ನೋಡಿ ಕೇಳಿದ್ದಾ?”

“ಬಾಗಿಲು ನೋಡಿ.”

ಆಮೇಲೆ ಎಷ್ಟೋ ದಿನ, ಕೆಲಸದ ನಡುವೆ, ಯಾವುದೋ ಮಾತಿನ ಕೊನೆಗೆ ಇದನ್ನೇ ಮತ್ತೆ ಕೇಳುತ್ತಿದ್ದರು. ನಾನು ಪ್ರತಿಸಲವೂ ಹೇಳುತ್ತಿದ್ದೆ. ಒಬ್ಬರು ಕರೆದಾಯಿತು ಎಂದುಕೊಂಡಿದ್ದಾರೆ, ಇನ್ನೊಬ್ಬರು ಕರೆಯಲಿಲ್ಲ ಎಂದುಕೊಂಡಿದ್ದಾರೆ. ನಡುವೆ ಬೆಳ್ತಂಗಡಿಯ ಮೂಲಕ ಹೋಗುವ ಒಂದು ಬಸ್ಸಿನ ದಾರಿ. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಈ ಊರಿನ ಹೇಳಿಕೆಗೆ ಬೆಂಕಿ ಬೀಳಲಿ ಅನಿಸುತ್ತಿತ್ತು.

ಈ ಮಳೆಗಾಲದಲ್ಲಿ ಜ್ವರವೆಂದು ಟೀಚರ್ ಕೆಲಸಕ್ಕೆ ಬರಲಿಲ್ಲ. ಫೋನು ತೆಗೆಯದಿದ್ದಾಗ ಶಿರ್ತಾಡಿಗೆ ಹೋಗಿ ನೋಡಿದೆವು. ಉಸಿರಾಡಲು ಕಷ್ಟಪಡುತ್ತಿದ್ದರು. ಆಸ್ಪತ್ರೆಗೆ ಸೇರಿಸಿದ ಮೇಲೆ, “ತಮ್ಮನಿಗೆ ಫೋನು ಮಾಡ್ಲಾ?” ಎಂದು ಕೇಳಿದೆ. “ಅವನಾಗಿ ಕೇಳಿದ್ರೆ ಹೇಳಿ” ಎಂದರು. ನಾನು ಅವರ ಮಾತು ಕೇಳದೆ ಹೊರಗೆ ಬಂದು ಫೋನು ಮಾಡಿದೆ. ಆತ ಕೂಡಲೇ ಹೊರಟರು. ಬಂದು ಮುಟ್ಟುವಾಗ ಎಲ್ಲ ಮುಗಿದಿತ್ತು. ಮಂಚದ ಕಾಲ ಬುಡದಲ್ಲಿ ನಿಂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು: “ಎಲ್ಲರೂ ಬರಬೇಕು ಅಂತ ನಾನು ಹೇಳಿದ್ದೆನಲ್ಲ. ಹೇಳಿದ್ದೆನಲ್ಲ ಅಕ್ಕ.”

ಶವವನ್ನು ಕಕ್ಕಿಂಜೆಯ ಮನೆಗೇ ಕೊಂಡುಹೋದರು.

ಬೊಜ್ಜದ ಕಾಗದಕ್ಕೆ ಆತ ನಮ್ಮಲ್ಲಿಗೇ ಬಂದರು. ಮದುವೆಗೆ ಕಳುಹಿಸಿದ ನೆಂಟರಿಗೆಲ್ಲ ಮೇಲ್ ಹೋಗಲಿ ಎಂದರು. ಉತ್ತರದ ವಿಳಾಸ ಕೇಳಿದೆ.

“ಮದುವೆಗೆ ಯಾವುದಿತ್ತೋ ಅದೇ ಇರ್ಲಿ.”

“ಅದು ಟೀಚರ್ ನೋಡ್ತಿದ್ದದ್ದು. ಅವರ ಹೆಸರಿನದ್ದು.”

ಆತ ಹಿಂದಿನ ಕೋಣೆಯ ಕಡೆ ನೋಡಿ, “ಹಾಗಾದ್ರೆ ಅವಳದ್ದೇ ಇರ್ಲಿ” ಎಂದರು.

ನಾನು ಹಿಂದಿನ ಕೋಣೆಯಲ್ಲಿ ಅವರ ಕುರ್ಚಿಯಲ್ಲಿ ಕೂತೆ. ಎಲ್ಲರಿಗೂ ಕಳುಹಿಸುವ ಮೊದಲು ಒಬ್ಬರಿಗೆ ಕಳುಹಿಸಿ ನೋಡಬೇಕು ಎಂಬುದು ಟೀಚರ್ ಹಾಕಿಕೊಟ್ಟ ಕ್ರಮ. ಆತನ ಫೋನಿನಲ್ಲಿ ಮಗಳು ಹೊಸದಾಗಿ ಒಂದು ಇಮೇಲು ಮಾಡಿಕೊಟ್ಟಿದ್ದಳು, ಅದಕ್ಕೇ ಕಳುಹಿಸಿದೆ. ಬಾಗಿಲಲ್ಲಿ, ಅವತ್ತು ನಿಂತ ಜಾಗದಲ್ಲೇ ನಿಂತು ಆತ ಅದನ್ನು ತೆರೆದರು.

“ಕೊನೆಯಲ್ಲಿ ನೀಲಿ ಗೆರೆ ಉಂಟಲ್ಲ, ಅದನ್ನು ಒತ್ತಿ” ಎಂದೆ.

ಒತ್ತಿದರು. ಉತ್ತರದ ಹಾಳೆ ತೆರೆಯಿತು. ಸಾವಿನ ಮನೆಯ ಕಾಗದಕ್ಕೆಂದು ಬೇರೆ ಮಾತನ್ನು ಟೀಚರ್ ತುಂಬಿಸಿಟ್ಟಿರಲಿಲ್ಲ. ಮೇಲೆ ಅದೇ ಇತ್ತು: ಬರುತ್ತೇವೆ. ಆತ ಅದನ್ನು ಬಹಳ ಹೊತ್ತು ನೋಡಿದರು. ಕೆಳಗೆ ಏನನ್ನೂ ಬರೆಯಲಿಲ್ಲ. ಹೆಬ್ಬೆರಳಿನಿಂದ ಕಳುಹಿಸು ಎಂಬಲ್ಲಿ ಒತ್ತಿದರು.

ನನ್ನೆದುರಿನ ಕಂಪ್ಯೂಟರಿನಲ್ಲಿ ಸಣ್ಣ ಸದ್ದಾಯಿತು.

“ಮುಟ್ಟಿತಾ?” ಎಂದು ಕೇಳಿದರು.

ನಾನು ಬಾಯಲ್ಲಿ ಹೇಳಿದ್ದರೆ ಆಗುತ್ತಿತ್ತು. ಆ ಕುರ್ಚಿಯ ಗುಣವೋ ಏನೋ, ಕೈ ತಾನಾಗಿ ಉತ್ತರ ಟೈಪು ಮಾಡಿ ಕಳುಹಿಸಿತು: ಮುಟ್ಟಿತು. ಆತನ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ನೋಡಿದರು. ಬರೆದವರ ಜಾಗದಲ್ಲಿ ಅಕ್ಕನ ಹೆಸರಿತ್ತು.

ಆತ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. “ಅವಳು ಹೀಗೆ ಬರೀತಿದ್ದಳಾ?” ಎಂದರು.

“ಹೌದು. ದಿನಾ ಸಂಜೆ.”

“ಯಾರಿಗೆ?”

ಸುಳ್ಳು ಹೇಳೋಣವೆಂದರೆ ಬಾಯಿಗೆ ಒಂದು ಹೆಸರೂ ಬರಲಿಲ್ಲ.